ಅಪ್‌ಡೇಟ್: ಅಕ್ಕನ ಡಿಪ್ರೆಶನ್‌ಗೆ ಗಿಡಮೂಲಿಕೆ ಗುಳಿಗಿ ಕೇಳಿದ್ನಲ್ಲ

ಹೋದ ತಿಂಗಳ ಕೇಳಿದ್ದೆ, ಅಕ್ಕಗ ಮೈಲ್ಡ್ ಡಿಪ್ರೆಶನ್ ಅಂದಾರ, ಸೇಂಟ್ ಜಾನ್ಸ್ ವರ್ಟ್ ಅನ್ನೋ ಹಳದಿ ಹೂವಿನ ಗಿಡದ ಗುಳಿಗಿ ಆನ್‌ಲೈನ್ ತರಿಸ್ಲ್ಯಾ ಅಂತ. ತರಿಸ್ಲಿಲ್ಲ. ಕಲಬುರಗಿಯೊಳಗೇ ಸೈಕಿಯಾಟ್ರಿಸ್ಟ್ ಹತ್ರ ಹೋದ್ವಿ, ಅವ್ರು ಬೈಲಿಲ್ಲ, ಕುಂದ್ರಿಸಿ ಹೇಳಿದ್ರು: 2008ರ ಕಾಕ್ರೇನ್ ರಿವ್ಯೂದಾಗ (ಬ್ಯಾರೆ ಬ್ಯಾರೆ ಅಧ್ಯಯನ ಕೂಡ್ಸಿ ಪರೀಕ್ಷೆ ಮಾಡೋ ವರದಿ) 29 ಟ್ರಯಲ್ ನೋಡ್ಯಾರ, ಔಷಧ ಇಲ್ಲದ ಖಾಲಿ ಗುಳಿಗಿಗಿಂತ ಇದು ಮೇಲು ಅಂತ ಬಂದದ, ಆದ್ರ ಲಿವರ್‌ದಾಗಿನ ಎಂಜೈಮ್ ಜೋರ್ ಮಾಡಿ ಬ್ಯಾರೆ ಔಷಧ ಬೇಗ ಕರಗಿಸಿಬಿಡ್ತದ, ಅಕ್ಕ ತಗೊಳ್ಳೋ ಗರ್ಭನಿರೋಧಕ ಗುಳಿಗಿ ಫೇಲ್ ಆಗಬಹುದು, ಮತ್ತ ಎಸ್‌ಎಸ್‌ಆರ್‌ಐ ಅನ್ನೋ ಡಿಪ್ರೆಶನ್ ಔಷಧದ ಜೋಡಿ ತಗೊಂಡ್ರ ಮೆದುಳಿನ ಸೆರೊಟೋನಿನ್ ಅನ್ನೋ ರಾಸಾಯನಿಕ ವಿಪರೀತ ಏರಿ ಜೀವಕ್ಕೇ ಕುತ್ತು ಬರಬಹುದು ಅಂತ. ನೆನೆಸ್ಕೊಂಡ್ರ ಎದಿ ಝಲ್ ಅಂತದ. ಈಗ ಕೌನ್ಸೆಲಿಂಗ್ ನಡದದ, ಸಂಜಿಕ ಇಬ್ರೂ ಊರಾಗಿನ ‘ಅಪ್ಪನ ಕೆರಿ’ ದಂಡಿಗೆ ವಾಕಿಂಗ್ ಹೋಗ್ತೀವಿ. ನಿನ್ನೆ ಯಾರೂ ಹೇಳ್ದೆ ತಾನೇ ಎದ್ದು ಜ್ವಾಳದ ರೊಟ್ಟಿ ಬಡದ್ಲು.