ಕಾಂಟ್ರಾ ನೃತ್ಯದಲ್ಲಿ ಹೆಜ್ಜೆಯೂ ಸಂಗೀತವೂ ಕೂಡುವುದು ಹೇಗೆ?

ಪ್ರಶ್ನೆ: ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಕಾಂಟ್ರಾ ನೃತ್ಯದಲ್ಲಿ, ಎದುರುಬದುರಾಗಿ ಎರಡು ಉದ್ದ ಸಾಲುಗಳಲ್ಲಿ ನಿಂತ ಅಪರಿಚಿತರೂ ತಡವರಿಸದೆ ಒಟ್ಟಾಗಿ ಕುಣಿಯುವುದನ್ನು ಕಂಡು ಬೆರಗಾದೆ. ಇದು ಹೇಗೆ ಸಾಧ್ಯವೆಂದು ತಿಳಿದವರು ವಿವರಿಸುವಿರಾ?

ಉತ್ತರ 1: ಇದರ ಗುಟ್ಟು ಧಾಟಿಯ ಕಟ್ಟಿನಲ್ಲಿದೆ. ಪಿಟೀಲಿನಲ್ಲಿ ನುಡಿಸುವ ಜಿಗ್ ಅಥವಾ ರೀಲ್ ಎಂಬ ಚುರುಕಾದ ಕುಣಿತದ ಧಾಟಿ ಸಾಮಾನ್ಯವಾಗಿ ಎರಡು ಭಾಗಗಳದ್ದಾಗಿದ್ದು, ಪ್ರತಿ ಭಾಗವನ್ನೂ ಎರಡೆರಡು ಬಾರಿ ನುಡಿಸಿದಾಗ 64 ಹೆಜ್ಜೆಗಳ ಒಂದು ಸುತ್ತು ಮುಗಿಯುತ್ತದೆ. ಅಷ್ಟರಲ್ಲಿ ಪ್ರತಿ ಜೋಡಿಯೂ ಸಾಲಿನಲ್ಲಿ ಸರಿದು ಹೊಸ ಜೋಡಿಗೆ ಎದುರಾಗಿ, ಅದೇ ಚಲನೆಗಳನ್ನು ಮತ್ತೆ ಆರಂಭಿಸುತ್ತದೆ.

ಉತ್ತರ 2: ಕಾಲರ್ ಎಂಬ ನಿರ್ದೇಶಕರನ್ನೂ ಮರೆಯಬಾರದು. ಅವರು ಮೊದಲು ಸಂಗೀತವಿಲ್ಲದೆ ಹೆಜ್ಜೆಗಳನ್ನು ನಡೆಸಿ ತೋರಿಸಿ, ಆಮೇಲೆ ಪ್ರತಿ ಚಲನೆಯನ್ನೂ ತುಸು ಮುಂಚಿತವಾಗಿ ಕೂಗಿ ಹೇಳುತ್ತಾರೆ. ಕ್ರಮ ಎಲ್ಲರಿಗೂ ಒಗ್ಗಿದ ಮೇಲೆ ಮೌನವಾಗುತ್ತಾರೆ. ನನಗೆ ಅತ್ಯಂತ ಪ್ರಿಯವಾದದ್ದು ಆ ಗಳಿಗೆಯೇ.