ವಿಜ್ಞಾನ ಪಾಠಕ್ಕೆ ನೆಟ್‌ನ ಚಿತ್ರಗಳು: "ಚಿತ್ರಕೃಪೆ: ಅಂತರ್ಜಾಲ" ಅಂತ ಹಾಕಿದರೆ ಸಾಕಾ?

ಪತ್ರರಂಧ್ರ (ಪ್ರಶ್ನೆ)

ಪ್ರೌಢಶಾಲೆ ಮಟ್ಟದ ದ್ಯುತಿಸಂಶ್ಲೇಷಣೆ ಮತ್ತು ಖಗೋಳ ಪಾಠಗಳಿಗೆ ಸ್ಲೈಡ್ ಸಿದ್ಧವಾಗಿವೆ. ಒಟ್ಟು 32 ಚಿತ್ರ. ಎಲೆಯ ಅಡ್ಡಸೀಳಿಕೆ ಒಂದು ಪಠ್ಯಪುಸ್ತಕದ ಸ್ಕ್ಯಾನ್. ಬೆಳಕು ಹೆಚ್ಚಿದಂತೆ ದ್ಯುತಿಸಂಶ್ಲೇಷಣೆಯ ದರ ಏರಿ ಕೊನೆಗೆ ಮಟ್ಟವಾಗುವ ಗ್ರಾಫ್ ಒಂದು ಸಂಶೋಧನಾ ಪ್ರಬಂಧದ್ದು. ಕಪ್ಪುಕುಳಿ, ನೀಹಾರಿಕೆಗಳು ಗೂಗಲ್‌ನಲ್ಲಿ ಸಿಕ್ಕವು. ಹೂವು, ಕೀಟಗಳು ಐನ್ಯಾಚುರಲಿಸ್ಟ್‌ನವು (ಜನ ತಾವು ಕಂಡ ಜೀವಿಗಳ ಫೋಟೋ ಹಾಕುವ ತಾಣ). ಇವನ್ನು ಮೂರು ಕಡೆ ಬಳಸಬೇಕು: ತರಗತಿಯ ಪರದೆಯ ಮೇಲೆ, ಯೂಟ್ಯೂಬ್ ಪಾಠದಲ್ಲಿ, ಯಾರು ಬೇಕಾದರೂ ಇಳಿಸಿಕೊಳ್ಳುವ ಪಿಡಿಎಫ್‌ನಲ್ಲಿ. ಕೊನೆಯ ಸ್ಲೈಡಿನಲ್ಲಿ "ಚಿತ್ರಕೃಪೆ: ಅಂತರ್ಜಾಲ" ಅಂತ ಹಾಕಿದೆ. ಪಾಠಕ್ಕೆ ತಾನೇ, ದುಡ್ಡು ಮಾಡುವುದಕ್ಕಲ್ಲವಲ್ಲ, ಫೇರ್ ಯೂಸ್ (ಅನುಮತಿಯಿಲ್ಲದೆಯೂ ಸಲ್ಲುವ ನ್ಯಾಯಯುತ ಬಳಕೆ) ಆಗುತ್ತದೆಯೇ? ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ತೆಗೆಯಬೇಕು?

ಹಾಳೆಯಂಚು

ಮೊದಲು ಆ ಕೊನೆಯ ಸಾಲು ತೆಗೆಯಿರಿ. "ಅಂತರ್ಜಾಲ" ಯಾರ ಹೆಸರೂ ಅಲ್ಲ. "ಇದು ಬೇರೆಯವರದ್ದು ಅಂತ ಗೊತ್ತಿತ್ತು, ಯಾರದ್ದು ಅಂತ ಹುಡುಕಲಿಲ್ಲ" ಎಂದು ನೀವೇ ಬರೆದುಕೊಟ್ಟ ಹಾಗಿದೆ ಅದು.

ಹೆಸರು ಹಾಕುವುದು ಬೇರೆ, ಅನುಮತಿ ಇರುವುದು ಬೇರೆ. ಛಾಯಾಗ್ರಾಹಕರ ಹೆಸರು ಎಷ್ಟು ದೊಡ್ಡದಾಗಿ ಹಾಕಿದರೂ ಇಲ್ಲದ ಅನುಮತಿ ಹುಟ್ಟುವುದಿಲ್ಲ. "ಚಿತ್ರದ ಮೇಲೆ © ಗುರುತು ಇರಲಿಲ್ಲ" ಎನ್ನುವುದೂ ನಿಲ್ಲದ ಮಾತು. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ ಒಪ್ಪಿದ ದೇಶಗಳಲ್ಲಿ ಚಿತ್ರ ತೆಗೆದ ಗಳಿಗೆಯಿಂದಲೇ ಹಕ್ಕು ಇರುತ್ತದೆ. ಗುರುತೂ ಬೇಡ, ನೋಂದಣಿಯೂ ಬೇಡ.

ಇನ್ನು ಫೇರ್ ಯೂಸ್. ಇದು ಅಮೆರಿಕದ ಕಾಪಿರೈಟ್ ಕಾನೂನಿನ 107ನೇ ಸೆಕ್ಷನ್. ಅಲ್ಲಿ ತೂಗುವುದು ನಾಲ್ಕು ಅಂಶ: ಯಾವ ಉದ್ದೇಶಕ್ಕೆ ಬಳಸಿದಿರಿ, ಮೂಲ ಕೃತಿ ಎಂಥದ್ದು, ಎಷ್ಟು ಭಾಗ ತೆಗೆದಿರಿ, ಮೂಲದ ಮಾರುಕಟ್ಟೆಗೆ ಏನಾಯಿತು. "ಶಿಕ್ಷಣಕ್ಕೆ" ಎಂಬ ಮಾತು ನೆರವಾಗುವುದು ಮೊದಲನೆಯದರಲ್ಲಿ ಮಾತ್ರ. ಚಿತ್ರಗಳಲ್ಲಿ ಮೂರನೆಯದು ಯಾವಾಗಲೂ ತೊಡಕು, ಪುಸ್ತಕದಿಂದ ಒಂದು ಪ್ಯಾರಾ ಎತ್ತಬಹುದು, ಫೋಟೋವನ್ನು ಸಾಮಾನ್ಯವಾಗಿ ಇಡಿಯಾಗಿಯೇ ಎತ್ತುತ್ತೇವೆ. ನಿಮ್ಮ ಪಠ್ಯಪುಸ್ತಕದ ಸ್ಕ್ಯಾನ್ ನಾಲ್ಕನೆಯದರಲ್ಲಿ ಬೀಳುತ್ತದೆ. ಆ ಚಿತ್ರ ಬರೆಸಿದ್ದೇ ತರಗತಿಗೆ ಮಾರಲು; ಅದನ್ನೇ ತರಗತಿಗೆ ಪುಕ್ಕಟೆ ಹಂಚಿದರೆ ಮಾರುಕಟ್ಟೆ ಕೆಡಿಸಲಿಲ್ಲ ಎನ್ನುವುದು ಕಷ್ಟ. ಅದೇ ಚಿತ್ರದಲ್ಲಿ ಪತ್ರರಂಧ್ರವನ್ನು ತಪ್ಪು ಜಾಗದಲ್ಲಿ ತೋರಿಸಿದ್ದಾರೆ ಅಂತಿಟ್ಟುಕೊಳ್ಳಿ, ಆ ಭಾಗ ಮಾತ್ರ ಕತ್ತರಿಸಿ ತಪ್ಪು ಏನೆಂದು ವಿವರಿಸಿದರೆ ನಿಮ್ಮ ವಾದ ಬಹಳ ಗಟ್ಟಿಯಾಗುತ್ತದೆ. ಏನೇ ಆದರೂ ಫೇರ್ ಯೂಸ್ ಮೊದಲೇ ಕೈಗೆ ಸಿಗುವ ಪರವಾನಗಿಯಲ್ಲ, ತಕರಾರು ಬಂದ ಮೇಲೆ ಕೊಡುವ ಸಮರ್ಥನೆ.

ದೇಶ ಬದಲಾದರೆ ಕಾನೂನು ಬದಲು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ "ಫೇರ್ ಯೂಸ್" ಎಂಬ ಪದವಿಲ್ಲ. 52ನೇ ಸೆಕ್ಷನ್ನಿನಲ್ಲಿ ವಿನಾಯಿತಿಗಳ ಪಟ್ಟಿಯಿದೆ, ಅದರ (1)(ಐ) ಪ್ರಕಾರ ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಬಹುದು. 2016ರಲ್ಲಿ ದೆಹಲಿ ಹೈಕೋರ್ಟ್ ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಅಂಗಡಿಯ ಪ್ರಕರಣದಲ್ಲಿ ಇದಕ್ಕೆ ಸಾಕಷ್ಟು ವಿಶಾಲ ಅರ್ಥವನ್ನೇ ಕೊಟ್ಟಿತು. ಯುರೋಪಿನ ಒಕ್ಕೂಟದ 2019ರ ನಿರ್ದೇಶನದ 5ನೇ ವಿಧಿ ಡಿಜಿಟಲ್ ಬೋಧನೆಗೆ ಅವಕಾಶ ಕೊಡುತ್ತದೆ, ಆದರೆ ಶಾಲೆಯ ಹೊಣೆಯಲ್ಲಿ, ಅದರ ಜಾಗದಲ್ಲಿ ಅಥವಾ ಲಾಗಿನ್ ಇರುವ ಜಾಲದಲ್ಲಿ, ಮೂಲ ತಿಳಿಸಿ. ಅಮೆರಿಕದಲ್ಲೂ ಎದುರುಬದುರು ತರಗತಿಗೆ ಪ್ರತ್ಯೇಕ ವಿನಾಯಿತಿ ಇದೆ. ಮಾತು ಬೇರೆ ಬೇರೆ, ಒಲವು ಒಂದೇ: ಬಾಗಿಲಿರುವ ಕೋಣೆಯೊಳಗೆ ತೋರಿಸಿದರೆ ಸಡಿಲ, ಬೀದಿಯಲ್ಲಿ ಹಂಚಿದರೆ ಬಿಗಿ. ಯೂಟ್ಯೂಬ್, ಪಿಡಿಎಫ್ ಎರಡೂ ಬೀದಿ.

ಹಾಗಾಗಿ ಎರಡು ಕಡತ ಇಟ್ಟುಕೊಳ್ಳಿ. ತರಗತಿಯದ್ದರಲ್ಲಿ ಈಗಿನ ಚಿತ್ರಗಳು ಬಹುಮಟ್ಟಿಗೆ ಉಳಿಯಬಹುದು. ಹೊರಗೆ ಬಿಡುವುದರಲ್ಲಿ ಪ್ರತಿ ಚಿತ್ರಕ್ಕೂ ಪ್ರತ್ಯೇಕ ಪರವಾನಗಿ ಇರಬೇಕು.

ಬೀಜಪತ್ರ

ಪರವಾನಗಿ ನೋಡುವ ಬಗೆ ನನ್ನ ಕಡೆಯಿಂದ. ಗೂಗಲ್ ಇಮೇಜಸ್‌ನಲ್ಲಿ "ಟೂಲ್ಸ್" ಒತ್ತಿ "ಯೂಸೇಜ್ ರೈಟ್ಸ್" ಅಡಿಯಲ್ಲಿ ಕ್ರಿಯೇಟಿವ್ ಕಾಮನ್ಸ್ (ಸಿಸಿ: ಷರತ್ತಿನ ಮೇಲೆ ಎಲ್ಲರಿಗೂ ಮೊದಲೇ ಕೊಟ್ಟ ಪರವಾನಗಿ) ಆಯ್ದುಕೊಳ್ಳಿ. ಅಲ್ಲಿಗೇ ನಿಲ್ಲಬೇಡಿ. ಆ ಸೈಟು ತನ್ನ ಬಗ್ಗೆ ಹೇಳಿಕೊಂಡದ್ದನ್ನೇ ಗೂಗಲ್ ತೋರಿಸುತ್ತದೆ, ಅಷ್ಟೇ. ಮೂಲ ಪುಟಕ್ಕೆ ಹೋಗಿ ಓದಿ. ಅನುಮಾನವಿದ್ದರೆ ಚಿತ್ರವನ್ನೇ ಹಾಕಿ ಹುಡುಕಿ. ಬ್ಲಾಗಿನವರು ಬೇರೆ ಯಾರದ್ದೋ ಚಿತ್ರಕ್ಕೆ "ಸಿಸಿ ಬೈ" (ಹೆಸರು ಹಾಕಿದರೆ ಬಳಸಬಹುದು) ಚೀಟಿ ಅಂಟಿಸಿದ್ದರೆ ಆ ಚೀಟಿಗೆ ಬೆಲೆಯಿಲ್ಲ, ಸಿಕ್ಕಿಬೀಳುವವರು ನೀವು. ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲೂ ಕಡತದ ಪುಟ ತೆರೆದು "ಸೋರ್ಸ್", "ಆಥರ್" ಸಾಲು ನೋಡಿ. "ಓನ್ ವರ್ಕ್" ಎಂದಿದ್ದೂ ಅದೇ ಫೋಟೋ ಹಳೆಯ ಸುದ್ದಿತಾಣದಲ್ಲಿ ಕಂಡರೆ ಬಿಟ್ಟುಬಿಡಿ.

ಸಿಸಿ ಪರವಾನಗಿಯ ನಾಲ್ಕು ಅಕ್ಷರಜೋಡಿಗಳಲ್ಲಿ (ಬೈ, ಎನ್‌ಸಿ ಅಂದರೆ ವಾಣಿಜ್ಯ ಬಳಕೆ ಬೇಡ, ಎಸ್‌ಎ, ಎನ್‌ಡಿ) ಕನ್ನಡದವರನ್ನು ಹೆಚ್ಚು ಕೆಡವುವುದು ಎನ್‌ಡಿ. ಬದಲಾಯಿಸಿ ಹಂಚಬಾರದು ಎಂದರ್ಥ. ಚಿತ್ರದೊಳಗಿನ ಇಂಗ್ಲಿಷ್ ಹೆಸರುಗಳನ್ನು ಅಳಿಸಿ ಕನ್ನಡದಲ್ಲಿ ಹಾಕಿದರೆ ಅದು ಅನುವಾದ, ಅಂದರೆ ಬದಲಾವಣೆಯೇ. ಹಾಗಾಗಿ ಎನ್‌ಡಿ ಚಿತ್ರವನ್ನು ಹಾಗೇ ಇಟ್ಟು, ಕನ್ನಡ ವಿವರಣೆಯನ್ನು ಕೆಳಗೆ ಬೇರೆಯಾಗಿ ಬರೆಯಬೇಕು. ಎಸ್‌ಎ ಇದ್ದರೆ ಬದಲಾಯಿಸಿದ ಚಿತ್ರವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಬೈ-ಎಸ್‌ಎ ಚಿತ್ರವನ್ನೂ ಬೈ-ಎನ್‌ಸಿ-ಎಸ್‌ಎ ಚಿತ್ರವನ್ನೂ ಬೆರೆಸಿ ಒಂದೇ ಚಿತ್ರ ಮಾಡಿದರೆ ಎರಡರ ಷರತ್ತೂ ಒಟ್ಟಿಗೆ ಪಾಲಿಸಲಾಗದು. ಬೇರೆ ಬೇರೆ ಸ್ಲೈಡಿನಲ್ಲಿಟ್ಟರೆ ತೊಂದರೆಯಿಲ್ಲ.

ಐನ್ಯಾಚುರಲಿಸ್ಟ್‌ನಲ್ಲಿ ಬಳಕೆದಾರರು ಬದಲಾಯಿಸದಿದ್ದರೆ ಫೋಟೋಗಳು ಸಿಸಿ ಬೈ-ಎನ್‌ಸಿ. ಚಾನೆಲ್ಲಿನಲ್ಲಿ ಜಾಹೀರಾತು ಬಂದರೆ ಅದು ವಾಣಿಜ್ಯ ಬಳಕೆಯೋ ಅಲ್ಲವೋ ಎಂಬ ಜಗಳ ಶುರು. ಜಗಳವೇ ಬೇಡವೆಂದರೆ ಅಲ್ಲಿನ ಫಿಲ್ಟರ್‌ನಲ್ಲಿ ಸಿಸಿ0 (ಯಾವ ಷರತ್ತೂ ಇಲ್ಲದ್ದು) ಅಥವಾ ಸಿಸಿ ಬೈ ಮಾತ್ರ ಆರಿಸಿ.

ಕಪ್ಪುಕುಳಿಯ ಚಿತ್ರ 2019ರ ಏಪ್ರಿಲ್ 10ರಂದು ಹೊರಬಂದದ್ದೇ ಆದರೆ, ಯಾವುದೋ ಸೈಟಿನ ಮಸುಕು ಪ್ರತಿ ಬಿಟ್ಟು ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ (ಇಎಸ್‌ಒ) ಪುಟದಿಂದ ಇಳಿಸಿಕೊಳ್ಳಿ. ಅಲ್ಲಿ ಅದು ಸಿಸಿ ಬೈ 4.0. ಕೆಳಗಿನ ಸಾಲು ಹೀಗಿರಲಿ:

"ಕಪ್ಪುಕುಳಿಯ ಮೊದಲ ಚಿತ್ರ. ಇಎಚ್‌ಟಿ ಕೊಲ್ಯಾಬರೇಷನ್ / ಇಎಸ್‌ಒ. ಸಿಸಿ ಬೈ 4.0. ಅಂಚು ಕತ್ತರಿಸಿ ಕನ್ನಡ ಹೆಸರು ಸೇರಿಸಲಾಗಿದೆ."

ಇಎಚ್‌ಟಿ ಎಂದರೆ ಆ ಚಿತ್ರ ತೆಗೆದ ಇವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ. ಶೀರ್ಷಿಕೆಗೆ ಮೂಲ ಪುಟದ ಕೊಂಡಿ, "ಸಿಸಿ ಬೈ 4.0"ಕ್ಕೆ ಪರವಾನಗಿಯ ಕೊಂಡಿ. ಜನ ಮರೆಯುವುದು ಕೊನೆಯ ವಾಕ್ಯ. ಬದಲಾಯಿಸಿದ್ದೀರೆಂದು ಹೇಳುವುದೂ ಷರತ್ತೇ. ವೀಡಿಯೊದಲ್ಲಿ ಚಿತ್ರ ಪರದೆ ಮೇಲಿರುವಾಗಲೇ ಚಿಕ್ಕದಾಗಿ ಹೆಸರು ತೋರಿಸಿ, ಪೂರ್ತಿ ಸಾಲು ಡಿಸ್ಕ್ರಿಪ್ಷನ್‌ನಲ್ಲಿ ಹಾಕಿ.

ಗ್ರಾಫ್‌ಹಾಳೆ

ಗ್ರಾಫ್ ಮತ್ತು ಎಲೆಯ ಚಿತ್ರಕ್ಕೆ ಅನುಮತಿ ಹುಡುಕುತ್ತಾ ಕೂರುವುದಕ್ಕಿಂತ ಹೊಸದಾಗಿ ಬರೆಯುವುದು ಬೇಗ. ಅಳತೆಯ ಅಂಕಿಗಳ ಮೇಲೆ ಹಕ್ಕುಸ್ವಾಮ್ಯವಿಲ್ಲ, ಅವನ್ನು ಚಿತ್ರಿಸಿದ ರೀತಿಯ ಮೇಲೆ ಇರಬಹುದು.

ಮೊದಲು ಪ್ರಬಂಧದ ಪೂರಕ ಕಡತದಲ್ಲಿ ಕೋಷ್ಟಕ ಇದೆಯೇ ನೋಡಿ. ಇಲ್ಲದಿದ್ದರೆ ಗ್ರಾಫಿನ ಚಿತ್ರದಿಂದ ಅಂಕಿ ಓದುವ ವೆಬ್‌ಪ್ಲಾಟ್‌ಡಿಜಿಟೈಸರ್ ತಂತ್ರಾಂಶಕ್ಕೆ ಗ್ರಾಫ್ ಹಾಕಿ, ಅಡ್ಡ ಅಕ್ಷದಲ್ಲಿ ಎರಡು, ಲಂಬ ಅಕ್ಷದಲ್ಲಿ ಎರಡು ಗೊತ್ತಿರುವ ಬಿಂದು ಒತ್ತಿ ಬೆಲೆ ತುಂಬಿ. ಬೆಳಕಿನ ಅಕ್ಷವಾದರೆ ತುದಿಯ ಎರಡು ಬೆಲೆ, ಉದಾಹರಣೆಗೆ 0 ಮತ್ತು 2000, ಆರಿಸಿ. ಹತ್ತಿರದ ಬಿಂದುಗಳನ್ನು ಆರಿಸಿದರೆ ಕೈ ಜಾರಿದ ಒಂದು ಪಿಕ್ಸೆಲ್ ಇಡೀ ಅಕ್ಷದುದ್ದಕ್ಕೂ ಹಿಗ್ಗುತ್ತದೆ. ಅಕ್ಷ ಲಾಗ್ ಅಳತೆಯದ್ದಾಗಿದ್ದರೆ ಆ ಗುರುತು ಹಾಕಲೇಬೇಕು, ಇಲ್ಲದಿದ್ದರೆ ಬರುವ ಅಂಕಿಗಳು ನೋಡಲು ಸರಿಯೆನಿಸಿದರೂ ಪೂರಾ ತಪ್ಪು. ದೋಷಪಟ್ಟಿಗಳನ್ನೂ (ಬಿಂದುವಿನ ಮೇಲೆ ಕೆಳಗೆ ಎಳೆದ ಎರರ್ ಬಾರ್ ಗೆರೆಗಳು) ಓದಿ. ಲೇಖಕರು ಬಿಂದು ಮಾತ್ರ ಇಟ್ಟಿದ್ದರೆ ನೀವು ನುಣುಪು ಗೆರೆ ಎಳೆಯಬೇಡಿ, ಅದು ಅವರು ಹೇಳದ ಮಾತು. ಅಡಿಟಿಪ್ಪಣಿಯಲ್ಲಿ "ದತ್ತಾಂಶ: ಇಂಥವರ ಪ್ರಬಂಧ, ಚಿತ್ರ 2ರಿಂದ ಓದಿ ಹೊಸದಾಗಿ ಬರೆದದ್ದು" ಅಂತಿರಲಿ. ಏರಿ ಮಟ್ಟವಾಗುತ್ತದೆ ಎಂಬ ಆಕಾರ ತೋರಿಸಿದರೆ ಸಾಕೆಂದರೆ ಯಾವ ಪ್ರಬಂಧವೂ ಬೇಡ: ಸ್ವತಃ ಎಳೆದು "ರೂಪ ಮಾತ್ರ, ಅಳತೆಯಲ್ಲ" ಎಂದು ಬರೆಯಿರಿ.

ಎಲೆಯಲ್ಲಿ ಮೇಲಿನ ಹೊರಪದರದ ಕೆಳಗೆ ಪ್ಯಾಲಿಸೇಡ್ ಕೋಶಗಳು, ಅದರ ಕೆಳಗೆ ಸ್ಪಂಜಿನಂಥ ಪದರ ಎಂಬ ಸಂಗತಿ ಯಾರ ಸ್ವತ್ತೂ ಅಲ್ಲ. ಆದರೆ ಎಲೆಯನ್ನು ಯಾವ ಕೋನದಲ್ಲಿ ಸೀಳಿ ತೋರಿಸಿದ್ದಾರೆ, ನೆರಳು ಹೇಗೆ, ಬಣ್ಣ ಯಾವುದು, ಇದೆಲ್ಲ ಕಲಾವಿದರದ್ದು. ಟ್ರೇಸ್ ಮಾಡಿ ಬಣ್ಣ ಬದಲಿಸಿದರೆ ಅದು ನಕಲೇ. "ಶೇಕಡಾ 20 ಬದಲಿಸಿದರೆ ಸಾಕು" ಎನ್ನುವುದು ಕಾನೂನಿನಲ್ಲಿಲ್ಲದ ಲೆಕ್ಕ. ಎರಡು ಮೂರು ಮೂಲ ನೋಡಿ, ಎಲ್ಲ ಮುಚ್ಚಿಟ್ಟು ಬರೆಯಿರಿ. ಇನ್ನೂ ಒಳ್ಳೆಯದು ನಿಜವಾದ ಎಲೆ: ಬೆಂಡಿನ ಸೀಳಿನಲ್ಲಿ ಸಿಕ್ಕಿಸಿ, ಹೊಸ ಬ್ಲೇಡಿನಿಂದ ತೆಳ್ಳಗೆ ಕೊಯ್ದು, ನೀರಿನ ಹನಿಯಲ್ಲಿಟ್ಟು, ಸೂಕ್ಷ್ಮದರ್ಶಕದ 10 ಪಟ್ಟಿನ ಮಸೂರದಲ್ಲಿ ನೋಡುತ್ತಾ ಐಪೀಸ್‌ಗೆ ಫೋನ್ ಹಿಡಿದು ಕ್ಲಿಕ್ಕಿಸಿ. ಹಕ್ಕು ನಿಮ್ಮದೇ.

ಕಾಮನ್ಸ್‌ನ ಎಸ್‌ವಿಜಿ (ಗೆರೆ, ಆಕಾರಗಳನ್ನು ತಿದ್ದಬಹುದಾದ ಕಡತ) ಚಿತ್ರಗಳಲ್ಲಿ ಹೆಸರುಗಳು ಸಾಮಾನ್ಯವಾಗಿ ಪಠ್ಯವಾಗಿಯೇ ಇರುತ್ತವೆಯಾದ್ದರಿಂದ ಕನ್ನಡಿಸುವುದು ಸುಲಭ. ಕನ್ನಡ ಫಾಂಟ್ ಇಲ್ಲದ ಯಂತ್ರದಲ್ಲಿ ಒತ್ತಕ್ಷರ ಒಡೆಯುತ್ತವೆ. ಹೊರಗೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ಪಾತ್ (ಫಾಂಟ್ ಬೇಡದ ಗೆರೆಯ ಆಕಾರ) ಆಗಿ ಬದಲಿಸಿ, ತಿದ್ದಬಹುದಾದ ಪ್ರತಿ ಬೇರೆ ಇಟ್ಟುಕೊಳ್ಳಿ.

ಪತ್ರರಂಧ್ರ

ತುಂಬಾ ಉಪಯೋಗವಾಯಿತು. ಎರಡು ಉಳಿದವು. ನಾಸಾದ್ದೆಲ್ಲ ಮುಕ್ತವೇ? ಯಾರಾದರೂ "ನನ್ನ ಚಿತ್ರ ಬಳಸಿದ್ದೀರಿ" ಅಂತ ಮೇಲ್ ಮಾಡಿದರೆ?

ಹಾಳೆಯಂಚು

ನಾಸಾ ತಾನೇ ತಯಾರಿಸಿದ ಚಿತ್ರಗಳಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಹಕ್ಕುಸ್ವಾಮ್ಯವಿಲ್ಲ. ನಾಸಾ ಪುಟದಲ್ಲಿರುವುದೆಲ್ಲ ನಾಸಾದ್ದಲ್ಲ. ಕ್ರೆಡಿಟ್ ಸಾಲಿನಲ್ಲಿ ಖಾಸಗಿ ಛಾಯಾಗ್ರಾಹಕರ ಹೆಸರಿದ್ದರೆ ಅವರನ್ನೇ ಕೇಳಬೇಕು. ಲಾಂಛನಕ್ಕೆ ಪ್ರತ್ಯೇಕ ನಿಯಮವಿದೆ, ಸ್ಲೈಡಿನ ಅಲಂಕಾರಕ್ಕೆ ಹಾಕಬೇಡಿ. ಇದೇ ಬಲೆ ಓಪನ್ ಆಕ್ಸೆಸ್ (ಎಲ್ಲರೂ ಪುಕ್ಕಟೆ ಓದಬಹುದಾದ) ಪ್ರಬಂಧಗಳಲ್ಲೂ ಇದೆ: ಇಡೀ ಪ್ರಬಂಧ ಸಿಸಿ ಬೈ ಆಗಿದ್ದೂ ಒಂದು ಚಿತ್ರದಡಿ "ಅನುಮತಿ ಪಡೆದು ಮರುಮುದ್ರಿಸಿದೆ" ಎಂದಿದ್ದರೆ ಆ ಚಿತ್ರ ಪರವಾನಗಿಯ ಹೊರಗೆ.

ಮೇಲ್ ಬಂದರೆ ಮೊದಲು ಚಿತ್ರವನ್ನು ತಾತ್ಕಾಲಿಕವಾಗಿ ಇಳಿಸಿ. ಹಣ ಕೇಳಿದ್ದರೆ ತಕ್ಷಣ ಕಟ್ಟಬೇಡಿ, ಸುಮ್ಮನೆಯೂ ಇರಬೇಡಿ. ಹಕ್ಕು ಅವರದೇ ಎಂಬುದಕ್ಕೆ ಆಧಾರ ಕೇಳಿ. ಸಿಸಿ 4.0 ಚಿತ್ರದಲ್ಲಿ ಹೆಸರು ತಪ್ಪಿದ್ದಷ್ಟೇ ಆದರೆ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಪರವಾನಗಿ ತಾನಾಗಿ ಮರಳುತ್ತದೆ, ಆದರೆ ಅದಕ್ಕೆ ಮುಂಚಿನ ಉಲ್ಲಂಘನೆ ಅಳಿಸಿಹೋಗುವುದಿಲ್ಲ. 3.0 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಈ ಸೌಲಭ್ಯವೂ ಇಲ್ಲ, ಆದ್ದರಿಂದ ಆವೃತ್ತಿ ಸಂಖ್ಯೆ ಬರೆದಿಡುವುದು ಮುಖ್ಯ.

ಬೀಜಪತ್ರ

ಒಂದು ಸೇರಿಸುತ್ತೇನೆ: ಚಿತ್ರ ಇಳಿಸಿದ ದಿನವೇ ಪರವಾನಗಿ ಕಾಣುವಂತೆ ಆ ಪುಟವನ್ನು ಪಿಡಿಎಫ್ ಆಗಿ ಉಳಿಸಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂಪಡೆಯಲಾಗದು ನಿಜ, ಆದರೆ ಮಾಲೀಕರು ನಾಳೆ ಪುಟದ ಬರಹ ಬದಲಿಸಿದರೆ ನೀವು ಇಳಿಸಿದಾಗ ಏನಿತ್ತು ಎನ್ನುವುದಕ್ಕೆ ಆಧಾರ ನಿಮ್ಮಲ್ಲೇ ಇರಬೇಕು.