ಅಮ್ಮನ ಆಂಕಾ ಏರಿದೆ, ಪೆಟ್ ಸ್ಕ್ಯಾನ್ ಬೇಕಾ?

ಪ್ರಶ್ನೆ:
ಅಮ್ಮನಿಗೆ ಎರಡು ವರ್ಷದಿಂದ ಆಂಕಾ ವ್ಯಾಸ್ಕ್ಯುಲೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ರಕ್ತನಾಳಗಳಲ್ಲಿ ಉರಿಯೂತ ತರುವ ಕಾಯಿಲೆ. ಶುರುವಾಗಿದ್ದು ಮೂಗಿನ ರಕ್ತ, ಬಿಡದ ಕೆಮ್ಮಿನಿಂದ. ಟಿಬಿ ಅಂತ ಮೂರು ತಿಂಗಳು ಮಾತ್ರೆ ನುಂಗಿಸಿದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಗಂಟುಗಳು ಕಂಡವು, ಪಿಆರ್3 (ರಕ್ತದಲ್ಲಿ ಆಂಕಾ ಪ್ರತಿಕಾಯ ಹುಡುಕುವ ಪರೀಕ್ಷೆ) ಪಾಸಿಟಿವ್ ಬಂತು. ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್ ಔಷಧಿ ಕೊಟ್ಟ ಮೇಲೆ ಆರಾಮಾಗಿದ್ದಾರೆ. ಈಗ ಪಿಆರ್3 18ರಿಂದ 64ಕ್ಕೆ ಏರಿದೆ. ಅಮ್ಮ ಮಾತ್ರ ನಿನ್ನೆ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದರು! ದೇಹದೊಳಗಿನ ಉರಿಯೂತ ತೋರಿಸುವ ಪೆಟ್ ಸಿಟಿ ಸ್ಕ್ಯಾನ್ ಮಾಡಿಸಲಾ?

ಉತ್ತರ 1:
ನನಗೂ ಇದೇ ಕಾಯಿಲೆ, ಏಳು ವರ್ಷವಾಯ್ತು. ಆ ನಂಬರ್ ಒಂದನ್ನೇ ನೋಡಿ ಔಷಧಿ ಬದಲಿಸುವುದಿಲ್ಲ. ಮೂತ್ರದಲ್ಲಿ ರಕ್ತ, ಪ್ರೋಟೀನ್ ಇದೆಯಾ, ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತದ ಕ್ರಿಯಾಟಿನಿನ್ ಎಷ್ಟಿದೆ, ಮೊದಲು ಅದನ್ನು ನೋಡಿಸಿ. ನನ್ನ ಕಿಡ್ನಿಗೆ ತಗುಲಿದಾಗ ನೋವೇ ಇರಲಿಲ್ಲ. ಬೆಳಗಿನ ಮೂತ್ರದಲ್ಲಿ ನೊರೆ, ಅಷ್ಟೇ.

ಉತ್ತರ 2:
ನಾನು ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪೆಟ್‌ನಲ್ಲಿ ಚೆನ್ನಾಗಿ ಕಾಣುವುದು ಅಯೋರ್ಟಾದಂಥ ದೊಡ್ಡ ರಕ್ತನಾಳದ ಉರಿಯೂತ. ಆಂಕಾ ಹೆಚ್ಚಾಗಿ ಕಾಡುವುದು ಕೂದಲಿಗಿಂತ ಸಪೂರ ನಾಳಗಳನ್ನು. ಅವು ಸ್ಕ್ಯಾನ್‌ಗೆ ಸಿಗುವುದಿಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ? ಕೆಮ್ಮು ಮತ್ತೆ ಬಂದರೆ ಡಾಕ್ಟರು ಎದೆಯ ಸಿಟಿ ಹೇಳಬಹುದು. ಆಗ ಹಳೇ ಫಿಲ್ಮ್ ಒಯ್ಯಿರಿ, ಗಂಟಿನ ಅಳತೆ ಪಕ್ಕಪಕ್ಕ ಇಟ್ಟು ನೋಡಬೇಕು.

ಪ್ರಶ್ನೆ ಕೇಳಿದವರು:
ಮೂತ್ರ ಕ್ಲೀನ್, ಕ್ರಿಯಾಟಿನಿನ್ 0.9. ಸೋಮವಾರ ಡಾಕ್ಟರ ಹತ್ರ ಹೋಗುತ್ತೇವೆ. ಹಳೇ ಫಿಲ್ಮ್ ಬೀರುವಿನ ಮೇಲೆ ಸಿಕ್ಕಿತು!